ಮೇಲಿನ ಮಹಡಿಯ ಪ್ರಿಂಟರುಗಳು

ಸಿ ಭಾಷೆಯ ಪ್ರೋಗ್ರಾಂ ‘ಫ್ರೀ’ ಎಂಬ ಫಂಕ್ಷನ್ನಿನ ಒಳಗೆ ಸತ್ತು ಬಿದ್ದಿದ್ದರೆ ತಪ್ಪು ಅಲ್ಲೇ ಇರುವುದು ತೀರಾ ಅಪರೂಪ. ತಪ್ಪು ಇನ್ನೆಲ್ಲೋ, ಇನ್ಯಾವಾಗಲೋ ನಡೆದುಹೋಗಿರುತ್ತದೆ. ಸಿಕ್ಕಿಬೀಳುವುದು ಆ ಹೊತ್ತಿಗೆ ಅಲ್ಲಿ ಹಾದುಹೋಗುತ್ತಿದ್ದ ಪಾಪದ ಸಾಲು. ಸಿ ಬರೆಯುವವರಿಗೆಲ್ಲ ಇದು ಗೊತ್ತು. ಗೊತ್ತಿದ್ದೂ, ಸತ್ತ ಪ್ರೋಗ್ರಾಮಿನ ಮೆಮೊರಿಯ ನಕಲಾದ ಕೋರ್ ಡಂಪ್ ತೆರೆದ ಕೂಡಲೇ ಎಲ್ಲರ ಕಣ್ಣು ಹೋಗುವುದು ಆ ಕೊನೆಯ ಸಾಲಿಗೇ.

2000ನೇ ಇಸವಿಯ ಆಸುಪಾಸಿನಲ್ಲಿ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ದೊಡ್ಡ ಆಫೀಸುಗಳ ಪ್ರಿಂಟರುಗಳಿಗೆ ಬರುವ ಕೆಲಸಗಳನ್ನು ಸಾಲಿನಲ್ಲಿಟ್ಟು ಒಂದೊಂದಾಗಿ ಕಳಿಸುವ ಸರ್ವರ್ ಪ್ರೋಗ್ರಾಂ ನಮ್ಮದು. ಲಿನಕ್ಸ್ ಮೇಲೆ ಓಡುತ್ತಿತ್ತು. ಗ್ರಾಹಕರೊಬ್ಬರು ಜರ್ಮನಿಯಲ್ಲಿದ್ದರು, ಅವರಿಂದ ವಿಚಿತ್ರವಾದ ದೂರು ಬಂತು: ಪ್ರಿಂಟರ್ ಪಟ್ಟಿಯಲ್ಲಿ ಸೇರಿಸುವುದು, ತೆಗೆಯುವುದು ಮಾಡುವಾಗ ಸರ್ವರ್ ಒಮ್ಮೊಮ್ಮೆ ಬೀಳುತ್ತದೆ, ಆದರೆ ಮೇಲಿನ ಮಹಡಿಗಳ ಪ್ರಿಂಟರ್ ಮುಟ್ಟಿದಾಗ ಮಾತ್ರ. ನೆಲಮಹಡಿಯ ಪ್ರಿಂಟರುಗಳದ್ದು ಏನೂ ತಕರಾರಿಲ್ಲ. ನಮ್ಮವರು ಮೇಲಿನ ಮಹಡಿಯ ನೆಟ್‌ವರ್ಕ್ ಸ್ವಿಚ್ ಮೇಲೆ ಅನುಮಾನಪಟ್ಟರು, ಕೇಬಲ್ ಬದಲಾಯಿಸಿ ಎಂದು ಬರೆದರು. ಅವರು ಬದಲಾಯಿಸಿದರು. ಸರ್ವರ್ ಬೀಳುತ್ತಲೇ ಇತ್ತು.

ನಮ್ಮ ಲ್ಯಾಬಿನಲ್ಲಿ ಅದನ್ನು ಬೀಳಿಸಲು ಆಗಲೇ ಇಲ್ಲ. ಅಲ್ಲಿನ ಪ್ರಿಂಟರುಗಳಿಗೆಲ್ಲ ಸಿನಿಮಾ ನಟರ ಹೆಸರಿತ್ತು. ರಾಜ್, ವಿಷ್ಣು, ಅಂಬಿ, ಕಲ್ಪನಾ. ಇಂಗ್ಲಿಷಿನಲ್ಲಿ ಬರೆದರೆ ಎಲ್ಲಕ್ಕಿಂತ ಉದ್ದದ್ದು ಶಂಕರ್‌ನಾಗ್, 10 ಅಕ್ಷರ. ಎಷ್ಟು ಸಲ ಸೇರಿಸಿ ತೆಗೆದರೂ ಪ್ರೋಗ್ರಾಂ ಜಪ್ಪಯ್ಯ ಅನ್ನಲಿಲ್ಲ.

ಕೊನೆಗೆ ಗ್ರಾಹಕರು ಕೋರ್ ಡಂಪ್ ಕಳಿಸಿದರು. ಎಂದಿನಂತೆ ಅದು ಫ್ರೀ ಒಳಗೆ ಸತ್ತಿತ್ತು, ಅದೂ ಪ್ರಿಂಟರಿಗೆ ಸಂಬಂಧವೇ ಇಲ್ಲದ ಒಂದು ದೊಡ್ಡ ಬಫರನ್ನು ಹಿಂತಿರುಗಿಸುವಾಗ. ಸಾಗರದ ಕಡೆಯ ಹಿರಿಯರೊಬ್ಬರು ನಮ್ಮ ತಂಡದಲ್ಲಿದ್ದರು, ಮಾತು ಕಡಿಮೆ. ನನ್ನ ಹೆಗಲ ಮೇಲಿಂದ ಇಣುಕಿ ರಿಜಿಸ್ಟರುಗಳ ಪಟ್ಟಿಯಲ್ಲಿ ಒಂದು ಸಂಖ್ಯೆಯ ಮೇಲೆ ಬೆರಳಿಟ್ಟರು: 474ಎಫ್322ಡಿ. “ಇದು ವಿಳಾಸವೂ ಅಲ್ಲ, ಅಳತೆಯೂ ಅಲ್ಲ ಮಾರಾಯ. ಅಕ್ಷರ ಇದು, ಓದು.” ಆಗಿನ 32 ಬಿಟ್ ಲಿನಕ್ಸಿನಲ್ಲಿ ವಿಳಾಸಗಳು ಸಾಮಾನ್ಯವಾಗಿ 08ರಿಂದಲೋ 40ರಿಂದಲೋ ಬಿಎಫ್‌ನಿಂದಲೋ ಶುರುವಾಗುತ್ತಿದ್ದವು. 47, 4ಎಫ್, 32, 2ಡಿ ಎಂದರೆ ಆಸ್ಕಿ ಪಟ್ಟಿಯಲ್ಲಿ ಜಿ, ಓ, 2, ಅಡ್ಡಗೆರೆ. ಇಂಟೆಲ್ ಪ್ರೊಸೆಸರ್ ಬೈಟುಗಳನ್ನು ಹಿಂದುಮುಂದಾಗಿ ಇಡುವುದರಿಂದ ತಿರುಗಿಸಿ ಓದಬೇಕು: ‘-2ಓಜಿ’. ಜರ್ಮನ್ನರು ಎರಡನೇ ಮಹಡಿಗೆ ಬಳಸುವ ಸಂಕ್ಷೇಪ ಅದು. ಗ್ರಾಹಕರ ಪಟ್ಟಿ ತೆರೆದು ನೋಡಿದೆವು. ‘ಡ್ರುಕರ್-ಮ್ಯೂನ್‌ಶೆನ್-2ಓಜಿ’, ಅಂದರೆ ಮ್ಯೂನಿಕ್ ಕಚೇರಿಯ ಎರಡನೇ ಮಹಡಿಯ ಪ್ರಿಂಟರ್. ಊರಿನ ಹೆಸರಿನಲ್ಲಿ ಚುಕ್ಕಿಯ ‘ಯು’ ಬದಲು ‘ಯು’, ‘ಇ’ ಎಂದು ಎರಡು ಅಕ್ಷರ ಬರೆದಿದ್ದರಿಂದ ಅವರ ಲಿಪಿಯಲ್ಲಿ ಸರಿಯಾಗಿ 20 ಅಕ್ಷರ.

ಪ್ರಿಂಟರಿನ ಹೆಸರಿನ ಕೊನೆಯ ನಾಲ್ಕು ಅಕ್ಷರ ಮೆಮೊರಿಯ ಲೆಕ್ಕದ ಪುಸ್ತಕದೊಳಗೆ ಹೇಗೆ ಬಂತು ಎಂಬುದು ಹೇಳಲೇಬೇಕಾದ ಸಂಗತಿ. ಪ್ರೋಗ್ರಾಂ ಮೆಮೊರಿ ಕೇಳಿದಾಗ ಕೊಡುವುದೂ ವಾಪಸು ಪಡೆಯುವುದೂ ಅಲೊಕೇಟರ್ ಎಂಬ ಭಾಗದ ಕೆಲಸ. ಕೇಳುವ ಫಂಕ್ಷನ್ನಿಗೆ ಮ್ಯಾಲಾಕ್ ಎಂದು ಹೆಸರು, ಹಿಂತಿರುಗಿಸುವುದಕ್ಕೆ ಫ್ರೀ. ಲಿನಕ್ಸಿನ ಅಲೊಕೇಟರ್ ತಾನು ಕೊಟ್ಟ ಪ್ರತಿ ತುಂಡಿನ ಹಿಂದೆಯೇ ಅದರ ಅಳತೆಯನ್ನು ಬರೆದಿಟ್ಟುಕೊಳ್ಳುತ್ತದೆ, ಮತ್ತು ಅದೇ ಜಾಗದ ಕೊನೆಯ ಬಿಟ್‌ನಲ್ಲಿ ‘ಇದರ ಹಿಂದಿನ ತುಂಡು ಬಳಕೆಯಲ್ಲಿದೆ’ ಎಂಬ ಗುರುತನ್ನೂ ಇಡುತ್ತದೆ. ಕೇಳಿದಷ್ಟೇ ಅಳೆದು ಕೊಡುವುದಿಲ್ಲ, ಆಗ ಎಂಟರ ಲೆಕ್ಕಕ್ಕೆ ಮೇಲಕ್ಕೆ ಸರಿಸುತ್ತಿತ್ತು. 32 ಬಿಟ್‌ನಲ್ಲಿ ನಿಜವಾಗಿ ಸಿಗುತ್ತಿದ್ದದ್ದು 12, 20, 28, 36 ಹೀಗೆ. 13 ಕೇಳಿದರೂ 20 ಸಿಗುತ್ತಿತ್ತು.

ಸಿ ಭಾಷೆಯಲ್ಲಿ ಪ್ರತಿ ಸ್ಟ್ರಿಂಗಿನ ಕೊನೆಗೆ ಒಂದು ಸೊನ್ನೆ ಬೈಟ್ ಇರಬೇಕು. 20 ಅಕ್ಷರದ ಹೆಸರಿಗೆ 21 ಬೈಟ್ ಕೇಳಬೇಕು. ನಮ್ಮ ಕೋಡಿನ ಒಂದು ಹಳೇ ಮೂಲೆಯಲ್ಲಿ ಆ ಒಂದನ್ನು ಕೂಡಿಸಿರಲಿಲ್ಲ. ರಾಜ್‌ಗೂ ಶಂಕರ್‌ನಾಗ್‌ಗೂ 12 ಬೈಟಿನ ತುಂಡು ಸಿಗುತ್ತಿದ್ದುದರಿಂದ ಆ ಸೊನ್ನೆ ಯಾರಿಗೂ ಬೇಡದ ಜಾಗದಲ್ಲಿ ಬಿದ್ದು ಸುಮ್ಮನಿರುತ್ತಿತ್ತು. ವಿಷ್ಣುವರ್ಧನ್ ಎಂದು ಪೂರ್ತಿ ಬರೆದಿದ್ದರೂ 13 ಅಕ್ಷರ, ಬಚಾವ್. 20 ಅಕ್ಷರದ ಹೆಸರಾದರೆ ಸೊನ್ನೆ ಹೋಗಿ ಬೀಳುವುದು ಪಕ್ಕದ ತುಂಡಿನ ಅಳತೆಯ ಮೇಲೆ. ಅಲ್ಲಿದ್ದ ಗುರುತು ಅಳಿಸಿಹೋಗುತ್ತದೆ. ಮುಂದೆಂದೋ ಆ ಪಕ್ಕದ ತುಂಡನ್ನು ಫ್ರೀ ಮಾಡುವಾಗ ಅಲೊಕೇಟರ್ ‘ಓಹೋ, ಹಿಂದಿನದು ಖಾಲಿ ಇದೆ, ಎರಡನ್ನೂ ಸೇರಿಸೋಣ’ ಎಂದುಕೊಂಡು ಹಿಂದಿನ ತುಂಡಿನ ಅಳತೆಗಾಗಿ ಹಿಂದಿನ ನಾಲ್ಕು ಬೈಟ್ ಓದುತ್ತದೆ. ಆ ನಾಲ್ಕು ಬೈಟೇ ‘-2ಓಜಿ’. ಅಷ್ಟು ದೂರ ಹಿಂದಕ್ಕೆ ಜಿಗಿದು ಇಲ್ಲದ ಜಾಗಕ್ಕೆ ಬಿದ್ದು ಸಾಯುತ್ತದೆ. ನೆಲಮಹಡಿಗೆ ಜರ್ಮನ್ನರ ಸಂಕ್ಷೇಪ ‘ಈಜಿ’, ಮುಂದೆ ಅಂಕಿ ಇಲ್ಲ. ಹೆಸರು 19 ಅಕ್ಷರಕ್ಕೆ ನಿಂತುಬಿಡುತ್ತಿತ್ತು.

ಇಷ್ಟೆಲ್ಲ ಒಗಟು ಬಿಡಿಸಿದ್ದು ಆಮೇಲೆ. ಆ ಹೊತ್ತು ಸಾಗರದವರು ಮಾಡಿದ್ದು ಬಲು ಸಣ್ಣ ಕೆಲಸ. “ಮ್ಯಾಲಾಕ್ ಚೆಕ್ ಎರಡಕ್ಕಿಡು, ಆ ಕೊನೆಯ ಅಂಡರ್‌ಸ್ಕೋರ್ ಬಿಡಬೇಡ” ಎಂದರು. ಲಿನಕ್ಸಿನ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿ ಆಗಲೇ ಇದ್ದ ಎನ್ವಿರಾನ್‌ಮೆಂಟ್ ವೇರಿಯಬಲ್ ಅದು. ಹೆಸರಿನ ಕೊನೆಗೆ ಒಂದು ಅಂಡರ್‌ಸ್ಕೋರ್ ಇದೆ. ಬಿಟ್ಟರೆ ಯಾವ ದೂರೂ ಇಲ್ಲದೆ, ಯಾವ ಪರಿಣಾಮವೂ ಇಲ್ಲದೆ ಪ್ರೋಗ್ರಾಂ ಎಂದಿನಂತೆ ಓಡುತ್ತದೆ. ಆಗ 1 ಇಟ್ಟರೆ ತಪ್ಪು ಕಂಡಾಗ ಒಂದು ಸಾಲು ಬರೆದು ಮುಂದುವರಿಯುತ್ತಿತ್ತು, 2 ಇಟ್ಟರೆ ಅಲ್ಲೇ ಪ್ರಾಣ ಬಿಡುತ್ತಿತ್ತು. ಈ ಕ್ರಮದಲ್ಲಿ ಅಲೊಕೇಟರ್ ನಾವು ಕೇಳಿದ ಅಳತೆ ಮುಗಿದ ಮರುಬೈಟಿನಲ್ಲೇ ಒಂದು ಗುರುತು ಹಾಕಿಡುತ್ತದೆ. ಎಂಟರ ಲೆಕ್ಕದ ಔದಾರ್ಯವೆಲ್ಲ ಅಲ್ಲಿಗೆ ಬಂದ್. ನಾನು ಲ್ಯಾಬಿನಲ್ಲಿ ಸರ್ವರ್ ಶುರು ಮಾಡಿ ‘ರಾಜ್’ ಪ್ರಿಂಟರನ್ನು ತೆಗೆದೆ. ಸರ್ವರ್ ದಡಕ್ಕನೆ ಬಿತ್ತು, ಅದೂ ಆ ಹೆಸರನ್ನು ಹಿಂತಿರುಗಿಸುವ ಸಾಲಿನಲ್ಲೇ. ಹೆಸರು ಎಲ್ಲಿ ಹುಟ್ಟಿತು ಎಂದು ಹುಡುಕಿದರೆ ಸಾಕಿತ್ತು. 20 ಅಕ್ಷರವೂ ಬೇಡ, ಮ್ಯೂನಿಕ್ಕೂ ಬೇಡ.

ಆಮೇಲೆ ಅದನ್ನು ತೆಗೆಯದೆ ಹಾಗೇ ಬಿಟ್ಟು ಉಳಿದ ಪರೀಕ್ಷೆಗಳನ್ನೂ ಓಡಿಸಿದೆವು. ಅಲ್ಲಿಂದ ಗಲಾಟೆ ಶುರುವಾಯಿತು. ಹಿಂದಿನ ವಾರದವರೆಗೆ ಪಾಸಾಗುತ್ತಿದ್ದವು ಸಾಲು ಸಾಲಾಗಿ ಬಿದ್ದವು. ಬಿಡುಗಡೆಯ ದಿನ ಹತ್ತಿರವಿತ್ತು. ಮ್ಯಾನೇಜರ್ ಹೇಳಿದ್ದು ಇಷ್ಟೇ: “ನೀವು ಸೆಟ್ಟಿಂಗ್ ಹಾಕಿದ ಮೇಲೆ ತಾನೇ ಇವೆಲ್ಲ? ತೆಗೆದುಬಿಡಿ.” ಅವರನ್ನು ದೂರಿ ಫಲವಿಲ್ಲ. ಮೇಲಿನವರಿಗೆ ತೋರಿಸುವ ಹಾಳೆಯಲ್ಲಿ ಬಿದ್ದ ಪರೀಕ್ಷೆಗಳ ಲೆಕ್ಕ ಏರುತ್ತಿತ್ತು, ಬಗ್ ನಿನ್ನೆಯೂ ಇತ್ತು ಎಂಬುದಕ್ಕೆ ಆ ಹಾಳೆಯಲ್ಲಿ ಕಾಲಮ್ಮೇ ಇರಲಿಲ್ಲ. ಅವರೆದುರು ನಿಂತವರು ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಹುಬ್ಬಳ್ಳಿಯ ಹೆಣ್ಣುಮಗಳು. “ಸೆಟ್ಟಿಂಗ್ ತಗದ್ರ ಬಗ್ ಹೋಗೂದಿಲ್ರಿ ಸರ್. ನಮಗ ಕಾಣೂದು ನಿಲ್ತೈತಿ, ಗಿರಾಕಿಗೆ ಕಾಣೂದು ನಿಲ್ಲೂದಿಲ್ಲ.” ಒಂದು ಒಪ್ಪಂದವಾಯಿತು: ಹಗಲಿನ ಪರೀಕ್ಷೆ ಸೆಟ್ಟಿಂಗ್ ಇಲ್ಲದೆ, ರಾತ್ರಿಯದು ಸೆಟ್ಟಿಂಗ್ ಹಾಕಿ. ರಾತ್ರಿಯ ಫಲಿತಾಂಶ ಆ ಹಾಳೆಗೆ ಹೋಗುವುದಿಲ್ಲ. ಇಂಥ ಹೊಂದಾಣಿಕೆ ನನಗೆ ಆಗ ಹೇಡಿತನ ಅನಿಸಿತ್ತು. ಈಗ ನೋಡಿದರೆ ಆಕೆಗೆ ಆಫೀಸು ನಡೆಯುವ ಬಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅಲೊಕೇಟರಿನಿಂದಲೇ ತಪ್ಪು ಹಿಡಿಸುವ ಈ ಕೆಲಸವನ್ನು ಮರ್ಯಾದೆಯಿಂದ ಮಾಡಿದವರು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನವರು. ನಮ್ಮ ಸರ್ವರನ್ನು ಅದರ ಮೇಲೂ ಓಡಿಸಬೇಕಾಗಿ ಬಂದಾಗ ನನಗೆ ಅದರ ಪರಿಚಯವಾಯಿತು. ಡೆನ್ಮಾರ್ಕಿನ ಪೌಲ್-ಹೆನಿಂಗ್ ಕಾಂಪ್ 1990ರ ದಶಕದ ನಡುವಿನಲ್ಲಿ ಬರೆದ ಮ್ಯಾಲಾಕ್ ಅಲ್ಲಿತ್ತು. ಅದರ ಸೆಟ್ಟಿಂಗ್ ಇದ್ದದ್ದು ಇಟಿಸಿ ಡೈರೆಕ್ಟರಿಯ ಮ್ಯಾಲಾಕ್ ಡಾಟ್ ಕಾನ್ಫ್‌ನಲ್ಲಿ. ತೆರೆದು ಓದಲು ಹೋದರೆ ಫೈಲೇ ಇಲ್ಲ! ಅದೊಂದು ಸಿಂಬಾಲಿಕ್ ಲಿಂಕ್, ಅದು ಬೊಟ್ಟು ಮಾಡುವ ‘ಹೆಸರೇ’ ಸೆಟ್ಟಿಂಗ್. ಎ, ಜೆ ಎಂಬೆರಡು ಅಕ್ಷರಕ್ಕೆ ಲಿಂಕ್ ಮಾಡಿದರೆ ಮುಗಿಯಿತು. ಎ ಎಂದರೆ ಎಚ್ಚರಿಕೆ ಕೊಡುವ ಬದಲು ಪ್ರೋಗ್ರಾಂ ನಿಲ್ಲಿಸು, ಜೆ ಎಂದರೆ ಮೆಮೊರಿಗೆ ಕಸ ತುಂಬು. ಫೈಲ್ ತೆರೆದು ಓದಿ ಮುಚ್ಚುವ ಗೋಜಿಲ್ಲ, ಒಂದೇ ಸಿಸ್ಟಂ ಕಾಲ್‌ನಲ್ಲಿ ಸೆಟ್ಟಿಂಗ್ ಕೈಗೆ ಬರುತ್ತದೆ. ಮೆಮೊರಿ ಕೊಡುವ ಭಾಗವೇ ಮೆಮೊರಿ ಬೇಡದೆ ತನ್ನ ಸೆಟ್ಟಿಂಗ್ ಓದಿಕೊಳ್ಳಬೇಕಲ್ಲ. ಆ ಜಾಣತನಕ್ಕೆ ನಾನು ಇಂದಿಗೂ ಮರುಳು. ತುಂಬುವ ಕಸ ಡಿ-ಸೊನ್ನೆ ಎಂಬ ಬೈಟ್. ಕೋಡಿನಲ್ಲಿ ಅದರ ಪಕ್ಕ ‘ಡುಹ್’ ಎಂದು ಅವರು ತಮಾಷೆಗೆ ಬರೆದಿಟ್ಟಿದ್ದರು. ಅಭಿವೃದ್ಧಿ ಹಂತದ ಆವೃತ್ತಿಯಲ್ಲಿ ಎರಡೂ ಆನ್ ಇರುತ್ತಿದ್ದವು, ಜನರಿಗೆ ಬಿಡುಗಡೆ ಮಾಡುವಾಗ ಆಫ್.

ಕಸ ಏಕೆ ತುಂಬಬೇಕು? ಛತ್ರದಲ್ಲಿ ರೂಮು ಖಾಲಿ ಮಾಡಿ ಹೋದವನು ಹಳೇ ಕೀಲಿ ಇಟ್ಟುಕೊಂಡು ಮತ್ತೆ ಬಂದರೆ, ಮ್ಯಾನೇಜರ್ ಇನ್ನೂ ಯಾರಿಗೂ ಆ ರೂಮು ಕೊಡದಿದ್ದರೆ, ಹಾಸಿಗೆ ಚಾಪೆ ಎಲ್ಲ ಇದ್ದಲ್ಲೇ ಇರುತ್ತದೆ. ಫ್ರೀ ಮಾಡಿದ ಮೆಮೊರಿಯನ್ನು ಮತ್ತೆ ಓದುವ ಪ್ರೋಗ್ರಾಂ ಬದುಕಿಕೊಳ್ಳುವುದು ಹೀಗೆ. ಪಟ್ಟಿಯ ಒಂದು ಕೊಂಡಿಯನ್ನು ಫ್ರೀ ಮಾಡಿ, ಮುಂದಿನ ಕೊಂಡಿ ಎಲ್ಲಿದೆ ಎಂದು ಅದರೊಳಗೇ ನೋಡುವ ಲೂಪನ್ನು ಕೆರ್ನಿಗನ್ ಮತ್ತು ರಿಚಿ ತಮ್ಮ ಸಿ ಪುಸ್ತಕದಲ್ಲೇ ತಪ್ಪಿನ ಮಾದರಿಯಾಗಿ ಕೊಟ್ಟಿದ್ದಾರೆ. ನಮ್ಮ ಸರ್ವರಿನಲ್ಲಿ ಅದೇ ಲೂಪ್ ವರ್ಷಗಟ್ಟಲೆ ಓಡಿತ್ತು. ಫ್ರೀಬಿಎಸ್‌ಡಿಯಲ್ಲಿ ಜೆ ಹಾಕಿದ ಮೊದಲ ಸಲವೇ ಡಿ-ಸೊನ್ನೆ ನಾಲ್ಕು ಸಲ ಬರೆದ ವಿಳಾಸ ತೋರಿಸಿ ಸತ್ತಿತು. ಇಂಥ ಸಂಖ್ಯೆಗಳು ಮುಂದೆ ನಮಗೆ ಮುಖಪರಿಚಯದವರಂತಾದವು. ಮೈಕ್ರೋಸಾಫ್ಟಿನ ಡೀಬಗ್ ಹೀಪ್‌ನಲ್ಲಿ ಸಿಡಿ ಸಿಡಿ ಕಂಡರೆ ಹೊಸ ಮೆಮೊರಿ, ಡಿಡಿ ಡಿಡಿ ಕಂಡರೆ ಬಿಟ್ಟುಕೊಟ್ಟದ್ದು, ಎಫ್‌ಡಿ ಎಫ್‌ಡಿ ಕಂಡರೆ ಗಡಿ.

ಕಸದ ಬೈಟ್ ಯಾವುದಿರಬೇಕು ಎಂಬುದು ಸಣ್ಣ ವಿಷಯವಲ್ಲ. 32 ಬಿಟ್ ಫ್ರೀಬಿಎಸ್‌ಡಿಯಲ್ಲಿ ಡಿ-ಸೊನ್ನೆಯ ವಿಳಾಸ ಕರ್ನಲ್ಲಿನ ಪಾಲಿಗೆ ಬರುತ್ತಿತ್ತು, ಮುಟ್ಟಿದರೆ ಸಾವು ಖಚಿತ. ಆದರೆ ಆ ಜಾಗದಲ್ಲಿ ಪಾಯಿಂಟರ್ ಬದಲು ಎಣಿಕೆ ಇದ್ದರೆ? ಡಿ-ಸೊನ್ನೆ ನಾಲ್ಕು ಸಲ ಎಂದರೆ ಚಿಹ್ನೆ ಇರುವ ಪೂರ್ಣಾಂಕದಲ್ಲಿ ಮೈನಸ್ 79 ಕೋಟಿ ಚಿಲ್ಲರೆ. ‘ಇಷ್ಟು ಸಲ ಮಾಡು’ ಎಂಬ ಲೂಪ್ ಮೈನಸ್ ಕಂಡು ಒಂದು ಸಲವೂ ಓಡದೆ ಸಭ್ಯವಾಗಿ ಹೊರಬರುತ್ತದೆ. ಬಗ್ ಹಿಡಿಯಲು ತುಂಬಿದ ಕಸವೇ ಬಗ್ ಮುಚ್ಚಿದಂತಾಯಿತು.

2006ರಲ್ಲಿ ಗ್ಲಿಬ್‌ಸಿ 2.4 ಬಂದಾಗ ಲಿನಕ್ಸಿಗೂ ಇಂಥ ಸೌಲಭ್ಯ ಸಿಕ್ಕಿತು, ಮ್ಯಾಲಾಕ್ ಪರ್ಟರ್ಬ್ ಎಂದು. ಇದರಲ್ಲಿ ಬೈಟನ್ನು ನಾವೇ ಆರಿಸಬಹುದು. ಫ್ರೀ ಮಾಡಿದ ಮೆಮೊರಿಗೆ ಆ ಬೈಟ್, ಹೊಸದಾಗಿ ಕೊಟ್ಟದ್ದಕ್ಕೆ ಅದರ ಬಿಟ್‌ಗಳನ್ನು ತಿರುವಿದ ಬೈಟ್. ಹುಬ್ಬಳ್ಳಿಯ ಟೆಸ್ಟರ್ ಪ್ರತಿ ರಾತ್ರಿ 1ರಿಂದ 255ರೊಳಗೆ ಯಾವುದೋ ಒಂದು ಸಂಖ್ಯೆಯನ್ನು ಸ್ಕ್ರಿಪ್ಟೇ ಆರಿಸುವಂತೆ ಮಾಡಿದರು, ಅದನ್ನು ಲಾಗಿನ ಮೊದಲ ಸಾಲಿನಲ್ಲಿ ಬರೆಸಿದರು. ಬರೆಯದಿದ್ದರೆ ಬೆಳಿಗ್ಗೆ ಅದೇ ಬಗ್ಗನ್ನು ಮತ್ತೆ ಕರೆಸುವುದು ಹೇಗೆ?

ಒಂದು ಬೆಳಿಗ್ಗೆ ಆ ಸಾಲಿನಲ್ಲಿ 90 ಇತ್ತು. ಯಾವ ಪ್ರೋಗ್ರಾಮೂ ಬಿದ್ದಿರಲಿಲ್ಲ, ಆದರೆ ಸರ್ವರಿನ ಸ್ಥಿತಿ ತೋರಿಸುವ ಪುಟದಲ್ಲಿ ಒಂದು ಪ್ರಿಂಟರಿನ ಮುಂದೆ ಬಾಕಿ ಇರುವ ಕೆಲಸ 1515870810 ಎಂದು ಬಂದಿತ್ತು. ಆಕೆ ಎಲ್ಲರನ್ನೂ ಕರೆದು ತೋರಿಸಿದರು. “ನೂರಾ ಐವತ್ತೊಂದು ಕೋಟಿ ಪ್ರಿಂಟ್ ಬಾಕಿ ಅದಾವ್ರಿ, ಯಾರರೆ ಒಂದೀಟು ಕಾಗದ ತರಸ್ರಿ.” 90 ಎಂದರೆ ಹದಿನಾರರ ಲೆಕ್ಕದಲ್ಲಿ 5ಎ, ನಾಲ್ಕು ಸಲ ಜೋಡಿಸಿದರೆ ಅದೇ ಸಂಖ್ಯೆ. ಪಟ್ಟಿಯಿಂದ ತೆಗೆದುಹಾಕಿದ ಪ್ರಿಂಟರಿನ ಎಣಿಕೆಯನ್ನು ಆ ಪುಟ ಫ್ರೀ ಆದ ಮೆಮೊರಿಯಿಂದಲೇ ಓದುತ್ತಿತ್ತು. ಕಸ ತುಂಬದ ದಿನಗಳಲ್ಲಿ ಅಲ್ಲಿ ಹಳೆಯ ಎಣಿಕೆ ಹಾಗೇ ಉಳಿದಿರುತ್ತಿತ್ತು, 3 ಅಥವಾ 7, ನೋಡಿದವರಿಗೆ ಸರಿ ಅನ್ನಿಸುವಂಥದ್ದು. ಎಷ್ಟು ಗ್ರಾಹಕರು ಆ ಸುಳ್ಳನ್ನು ನಂಬಿ ಪ್ರಿಂಟರಿನ ಮುಂದೆ ಕಾದಿದ್ದರೋ.

ಅಲೊಕೇಟರನ್ನು ತದ್ವಿರುದ್ಧ ದಿಕ್ಕಿಗೆ ತಿರುಗಿಸಿದವರೂ ಇದ್ದಾರೆ. ಸಿಮ್‌ಸಿಟಿ ಆಟದ ಪ್ರಸಂಗವನ್ನು ಜೋಯೆಲ್ ಸ್ಪೋಲ್ಸ್ಕಿ ಬರೆದಿದ್ದಾರೆ. ಆಗಷ್ಟೇ ಫ್ರೀ ಮಾಡಿದ ಮೆಮೊರಿಯನ್ನು ಆ ಆಟ ಓದುತ್ತಿತ್ತು, ವಿಂಡೋಸ್ 3ರಲ್ಲಿ ಅದರಿಂದ ತೊಂದರೆಯಾಗುತ್ತಿರಲಿಲ್ಲ. ವಿಂಡೋಸ್ 95ರಲ್ಲಿ ಕೆಟ್ಟಾಗ ಮೈಕ್ರೋಸಾಫ್ಟಿನವರು ಆಟವನ್ನು ತಿದ್ದಿಸಲಿಲ್ಲ. ಓಡುತ್ತಿರುವುದು ಸಿಮ್‌ಸಿಟಿಯೋ ಎಂದು ವಿಂಡೋಸೇ ನೋಡಿಕೊಂಡು, ಹೌದಾದರೆ ಮೆಮೊರಿಯನ್ನು ತಕ್ಷಣ ವಾಪಸು ಪಡೆಯದಂತೆ ಮಾಡಿದರು. ವ್ಯಾಪಾರದ ದೃಷ್ಟಿಯಿಂದ ಸರಿಯೇ, ಅಂಗಡಿಯಿಂದ ಡಬ್ಬ ಕೊಂಡುಹೋದವನಿಗೆ ಯಾರದು ತಪ್ಪು ಎಂಬುದು ಬೇಕಿಲ್ಲ.

ಒಪ್ಪಲಾಗದ್ದು, ಪ್ರೋಗ್ರಾಂಗಳು ತಮ್ಮದೇ ಅಲೊಕೇಟರ್ ಕಟ್ಟಿಕೊಂಡು ಸೆಟ್ಟಿಂಗಿನ ಕಣ್ಣಿಗೆ ಬೀಳದಂತೆ ಉಳಿಯುವುದು. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ ಅದಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ ಒಳಗೆ ಹೀಗೊಂದು ಇರುವುದು ಚರ್ಚೆಗೆ ಬಂತು. ವೇಗಕ್ಕೆಂದು ಅದು ಬಿಟ್ಟ ಬಫರುಗಳನ್ನು ತಾನೇ ಇಟ್ಟುಕೊಳ್ಳುತ್ತಿತ್ತು, ಆದ್ದರಿಂದ ಓಪನ್‌ಬಿಎಸ್‌ಡಿಯ ಮ್ಯಾಲಾಕ್ ರಕ್ಷಣೆಗಳು ಅಲ್ಲಿ ನಾಟುತ್ತಿರಲಿಲ್ಲ. ಓಪನ್‌ಬಿಎಸ್‌ಡಿಯವರೇ ಆದ ಟೆಡ್ ಉನಾಂಗ್ಸ್ಟ್ ಆ ಸ್ವಂತ ಸಂಗ್ರಹವನ್ನು ಆಫ್ ಮಾಡಿ ನೋಡಿದರೆ ಓಪನ್‌ಎಸ್‌ಎಸ್‌ಎಲ್ ಕೆಲಸವನ್ನೇ ಮಾಡಲಿಲ್ಲ. ಫ್ರೀ ಮಾಡಿದ ಬಫರನ್ನೇ ಮತ್ತೆ ಬಳಸುವ ಇನ್ನೊಂದು ಬಗ್ ಒಳಗಿತ್ತು. ಅದನ್ನು ಓದಿದ ದಿನ ನನಗೆ ನೆನಪಾದದ್ದು ನಮ್ಮ ಸರ್ವರಿನ ‘ಫಾಸ್ಟ್ ಪೂಲ್’ ಎಂಬ ಫೈಲು. ಎಂದೋ ಬಿಟ್ಟುಹೋದವರೊಬ್ಬರು ಬರೆದದ್ದು. ರಾತ್ರಿಯ ಪರೀಕ್ಷೆಗೆ ಸಾಗರದವರು ಅದನ್ನು ಬದಿಗೆ ಸರಿಸಿ ಪ್ರತಿ ಸಲವೂ ನೇರ ಮ್ಯಾಲಾಕ್‌ಗೆ ಹೋಗುವಂತೆ ಮಾಡಿದ್ದರು. ವೇಗದಲ್ಲಿ ಏನೂ ವ್ಯತ್ಯಾಸ ಕಾಣದೆ ಇದ್ದುದರಿಂದ ಪೂಲನ್ನೇ ಕಿತ್ತುಹಾಕಿದೆವು.

ಓಪನ್‌ಬಿಎಸ್‌ಡಿಯವರದೇ ಇನ್ನೊಂದು ಸಂಗತಿ. 2008ರಲ್ಲಿ ಓಟ್ಟೋ ಮೂರ್‌ಬೇಕ್ ಹೊಸ ಮ್ಯಾಲಾಕ್ ಬರೆದು ಪರೀಕ್ಷೆಗಿಟ್ಟಾಗ ಸ್ಪಾರ್ಕ್64 ಯಂತ್ರದಲ್ಲಿ ಕಂಪೈಲರ್ ಬಿದ್ದಿತು. ಎಲ್ಲರಿಗೂ ಅನುಮಾನ ಹೊಸ ಮ್ಯಾಲಾಕ್ ಮೇಲೆ. ಬೆನ್ನುಹತ್ತಿ ಹೋದರೆ ತಪ್ಪು ಇದ್ದದ್ದು ಯಾಕ್ ಎಂಬ ಹಳೇ ಉಪಕರಣದಲ್ಲಿ, ಅದೂ 33 ವರ್ಷ ಹಿಂದಿನ ಯುನಿಕ್ಸ್ ಕಾಲದ್ದು. ನಮ್ಮ ಮ್ಯಾನೇಜರ್ ಅಲ್ಲಿದ್ದಿದ್ದರೆ ಹೊಸ ಮ್ಯಾಲಾಕ್ ತೆಗೆಸಿರುತ್ತಿದ್ದರು.

ತಪ್ಪು ನಡೆದ ಆ ಸಾಲಿನಲ್ಲೇ ಹಿಡಿಯುವ ಉಪಾಯವನ್ನು ಬ್ರೂಸ್ ಪೆರೆನ್ಸ್ 1980ರ ದಶಕದ ಕೊನೆಯಲ್ಲೇ, ಪಿಕ್ಸಾರ್‌ನಲ್ಲಿದ್ದಾಗ, ಎಲೆಕ್ಟ್ರಿಕ್ ಫೆನ್ಸ್ ಎಂದು ಮಾಡಿದ್ದರು. ಪ್ರತಿ ತುಂಡನ್ನೂ ಒಂದು ಪುಟದ ಅಂಚಿಗೆ ತಾಗಿಸಿಟ್ಟು, ಮುಂದಿನ ಪುಟವನ್ನು ಮುಟ್ಟಲಾಗದಂತೆ ಬೀಗ ಹಾಕುವುದು. 5 ಬೈಟ್ ಕೇಳಿದರೂ 4096 ಬೈಟಿನ ಎರಡು ಪುಟ ಖರ್ಚು. ನಮ್ಮ ಅಂದಿನ ಯಂತ್ರಗಳು ಏದುಸಿರು ಬಿಡುತ್ತಿದ್ದವು. ಆಮೇಲೆ 2002ರಲ್ಲಿ ವಾಲ್‌ಗ್ರಿಂಡ್, 2012ರಲ್ಲಿ ಗೂಗಲ್‌ನವರ ಅಡ್ರೆಸ್ ಸ್ಯಾನಿಟೈಸರ್ ಬಂದು ಕೆಲಸ ಬಹಳ ಹಗುರವಾಯಿತು. ಎಲ್ಲಿ ಪಡೆದದ್ದು, ಎಲ್ಲಿ ಬಿಟ್ಟದ್ದು, ಎಲ್ಲಿ ಕದ್ದು ಬಳಸಿದ್ದು, ಮೂರನ್ನೂ ಈ ಸ್ಯಾನಿಟೈಸರ್ ಬರೆದು ಕೊಡುತ್ತದೆ. ಹೊಸಬರು ಕೇಳಿದರೆ ನಾನು ಮೊದಲು ಹೇಳುವುದು ಅದನ್ನೇ. ಆದರೆ ಅದಕ್ಕೆ ಕೋಡನ್ನು ಮತ್ತೆ ಕಂಪೈಲ್ ಮಾಡಬೇಕು. ಬೇರೆಯವರು ಕೊಟ್ಟ ಲೈಬ್ರರಿ, ಸೋರ್ಸ್ ಸಿಗದ ಹಳೇ ಬೈನರಿ ಇದ್ದಲ್ಲಿ ವಾಲ್‌ಗ್ರಿಂಡ್, ಇಲ್ಲವೇ ಅಲೊಕೇಟರಿನ ಸೆಟ್ಟಿಂಗೇ ಗತಿ.

ಗ್ರಾಹಕರ ಬಳಿಯೂ ಆ ಸೆಟ್ಟಿಂಗನ್ನು ಆನ್ ಬಿಡಬೇಕೇ ಎಂಬ ಜಗಳ ನಮ್ಮಲ್ಲಿ ಮುಗಿಯಲೇ ಇಲ್ಲ. ಹುಬ್ಬಳ್ಳಿಯವರು ಬಿಡಿ ಎನ್ನುತ್ತಿದ್ದರು, ಸಾಗರದವರು ಬೇಡ ಎನ್ನುತ್ತಿದ್ದರು. ನಾನು ಈಗ ಹುಬ್ಬಳ್ಳಿಯ ಪಕ್ಷ. ಆಂಡ್ರಾಯ್ಡ್ 11ರಿಂದ ಗೂಗಲ್‌ನವರು ಜನರ ಫೋನಿನಲ್ಲೇ ಲಾಟರಿ ಎತ್ತಿದಂತೆ ಅಲ್ಲೊಂದು ಇಲ್ಲೊಂದು ತುಂಡಿಗೆ ಮಾತ್ರ ಬೀಗದ ಪುಟ ಜೋಡಿಸುತ್ತಾರೆ. ಖರ್ಚು ಕಡಿಮೆ, ಫೋನುಗಳು ಅಷ್ಟೊಂದಿರುವಾಗ ಬಗ್ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ.

ಈಚೆಗೆ ಪರಿಚಯದ ತಂಡವೊಂದಕ್ಕೆ ಸಲಹೆ ಕೊಡಲು ಹೋಗಿದ್ದೆ. ಅವರ ರಾತ್ರಿಯ ಸ್ಕ್ರಿಪ್ಟಿನಲ್ಲಿ ಮ್ಯಾಲಾಕ್ ಚೆಕ್ ಇತ್ತು, ಅಂಡರ್‌ಸ್ಕೋರ್ ಸಮೇತ. ತಿಂಗಳುಗಟ್ಟಲೆ ಎಲ್ಲ ಹಸಿರು. ಯಂತ್ರದಲ್ಲಿ ಯಾವ ಗ್ಲಿಬ್‌ಸಿ ಎಂದು ಕೇಳಿದೆ. ಹೊಸದೇ ಇತ್ತು. 2021ರ 2.34ನೇ ಆವೃತ್ತಿಯಿಂದ ಈ ಪರೀಕ್ಷೆಯನ್ನು ಪ್ರತ್ಯೇಕ ಡೀಬಗ್ ಲೈಬ್ರರಿಗೆ ಸಾಗಿಸಿದ್ದಾರೆ. ಅದನ್ನು ಪ್ರೀಲೋಡ್ ಮಾಡದಿದ್ದರೆ ವೇರಿಯಬಲ್ ಇಟ್ಟೂ ಇಡದಂತೆಯೇ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಒಂದು ಸಾಲು ಸೇರಿಸಿದರು. ಅದರ ಜೊತೆಗೆ, ಬೇಕೆಂದೇ ಒಂದು ಬೈಟ್ ಆಚೆ ಬರೆದು ಫ್ರೀ ಮಾಡುವ ಪುಟಾಣಿ ಪ್ರೋಗ್ರಾಂ ಬರೆದು ಅದನ್ನೇ ಮೊದಲನೆಯ ಪರೀಕ್ಷೆ ಮಾಡಿಸಿದೆ. ಅದು ಸಾಯದೆ ಬದುಕಿ ಬಂದರೆ ಉಳಿದ ಪರೀಕ್ಷೆಗಳು ಶುರುವಾಗಕೂಡದು. ಅದಕ್ಕೆ ಆಪ್ಟಿಮೈಸೇಷನ್ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಆ ಮ್ಯಾಲಾಕ್ ಫ್ರೀ ಜೋಡಿಯಿಂದ ಏನೂ ಉಪಯೋಗವಿಲ್ಲವೆಂದು ಕಂಪೈಲರ್ ಎರಡನ್ನೂ ಅಳಿಸಿಹಾಕಬಹುದು. ಕೆಲವು ವಾರ ಚೆನ್ನಾಗಿ ನಡೆಯಿತು. ಆಮೇಲೊಂದು ಬೆಳಿಗ್ಗೆ ಅವರಿಂದ ಫೋನು: “ಸಾರ್, ರಾತ್ರಿ ಒಂದು ಟೆಸ್ಟೂ ಓಡಿಲ್ಲ.” ಯಾರೋ ಪುಣ್ಯಾತ್ಮರು ಆ ಪುಟಾಣಿ ಪ್ರೋಗ್ರಾಮಿನ ಬಗ್ ಗಮನಿಸಿ, ಒಂದು ಕೂಡಿಸಿ, ಸರಿಮಾಡಿ ಕಮಿಟ್ ಮಾಡಿದ್ದರು.